ಹಲಗೆ ಹಿಡಿಯುವ ಕಾಲು

ಅಣ್ಣ ಮುಂಬಯಿಯಿಂದ ತಂದ ರೂಟರ್ ಯಂತ್ರ ನೋಡಲು ದೊಡ್ಡದೇನೂ ಇರಲಿಲ್ಲ. ನಡುವೆ ಚಿಕ್ಕ ತಂಬಿಗೆಯಂಥ ಮೋಟಾರು, ಎರಡು ಪಕ್ಕಕ್ಕೆ ಹಿಡಿಕೆ, ಕೆಳಗೆ ಚಪ್ಪಟೆ ತಳ. ತಳದ ತೂತಿನಿಂದ ಬೆರಳಿನ ದಪ್ಪದ ಉಕ್ಕಿನ ಬಿಟ್ ಹೊರಗೆ ಇಣುಕುತ್ತಿತ್ತು. ಯಂತ್ರ ಶುರುವಾದ ಮೇಲೆ ಬಿಟ್ ತಿರುಗುವುದು ಕಣ್ಣಿಗೆ ಕಾಣುತ್ತಿರಲಿಲ್ಲ. ಹಲಗೆಯ ಮೇಲಿಟ್ಟು ತಳ್ಳಿದರೆ ಹಿಂದೆ ನುಣುಪಾದ ತೋಡು ಬಿದ್ದಿರುತ್ತಿತ್ತು. ಉಳಿ, ಕೊಡತಿ ಹಿಡಿದು ಅಪ್ಪ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಮಾಡುವ ಕೆಲಸ, ಒಂದು ಬೀಡಿ ಸೇದುವಷ್ಟರಲ್ಲಿ ಮುಗಿಯುತ್ತಿತ್ತು.

ನಮ್ಮ ಮನೆ ಹೊನ್ನಾವರದಲ್ಲಿ, ಪೇಟೆಯ ಹಿಂದಿನ ಓಣಿಯಲ್ಲಿ. ಮನೆಯ ಮುಂದೆ ಹಂಚು ಹೊದಿಸಿ ಇಳಿಸಿದ ಮಾಡೇ ಅಪ್ಪನ ಕೆಲಸದ ಜಾಗ. ಅಣ್ಣ ಆಗ ಮುಂಬಯಿಯ ಒಂದು ಫರ್ನಿಚರ್ ಕಾರ್ಖಾನೆಯಲ್ಲಿ ಕೆಲವು ವರ್ಷ ದುಡಿದು, ರಜೆಯ ಮೇಲೆ ಬಂದಿದ್ದ. ಕಾರ್ಖಾನೆಯವರು ಹೊಸ ಯಂತ್ರ ತರಿಸಿದಾಗ ಹಳೆಯದನ್ನು ಅವನಿಗೆ ಕೊಟ್ಟಿದ್ದರು. ನಾನು ಕುಮಟೆಯ ಮುದ್ರಣಾಲಯವೊಂದರಲ್ಲಿ ಪ್ರೂಫ್ ನೋಡುವ ಕೆಲಸದಲ್ಲಿದ್ದೆ. ವಾರಕ್ಕೊಮ್ಮೆ, ಭಾನುವಾರ, ಬಸ್ಸಿನಲ್ಲಿ ಮನೆಗೆ ಬರುತ್ತಿದ್ದೆ. ಆದ್ದರಿಂದ ಇಲ್ಲಿ ಹೇಳುವುದರಲ್ಲಿ ಕೆಲವು ನಾನು ನೋಡಿದ್ದು, ಕೆಲವು ಮನೆಯವರು ಹೇಳಿದ್ದು. ಎರಡೂ ಕಲೆಯದಂತೆ ಬರೆಯಲು ಪ್ರಯತ್ನಿಸಿದ್ದೇನೆ.

ಅಣ್ಣ ಊರಲ್ಲೇ ಉಳಿಯಬೇಕು ಎಂಬುದು ಅಪ್ಪನ ಆಸೆ. ಅದನ್ನು ಅವರು ಮುಚ್ಚಿಟ್ಟವರಲ್ಲ. ಅಣ್ಣ ಬಂದ ವಾರವೇ ಊಟಕ್ಕೆ ಕೂತಾಗ ಹೇಳಿದರು.

"ಇನ್ನು ಹೋಗೂದು ಬೇಡ. ಇಲ್ಲೇ ಇರು. ನನ್ನ ನಂತರ ಈ ಮಾಡಿನ ಕೆಳಗೆ ಕೂರುವವರು ಬೇಕಲ್ಲ. ನಿನ್ನ ತಮ್ಮನಿಗೆ ಕೊಡತಿ ಯಾವ ಕಡೆಯಿಂದ ಹಿಡೀಬೇಕು ಹೇಳೂದೇ ಗೊತ್ತಿಲ್ಲ."

ಆಯಿ, ಅಂದರೆ ನಮ್ಮ ಅಮ್ಮ, ನನ್ನ ಎಲೆಗೆ ಅನ್ನ ಬಡಿಸುತ್ತ, "ಅವ ಅಕ್ಷರ ಹಿಡೀತ, ಬಿಡಿ" ಅಂದರು.

"ಅಕ್ಷರಕ್ಕೆ ಕಾಲಿಲ್ಲ, ಕೈಯಿಲ್ಲ. ಕೂರೂಕೆ ಒಂದು ಮಂಚ ಆಗ್ತದ್ಯಾ ಅದರಿಂದ?"

ಅಣ್ಣ ನಗಲಿಲ್ಲ. ಅವನು ಹೇಳಬೇಕಾದ್ದನ್ನು ಮೊದಲೇ ಯೋಚಿಸಿಟ್ಟಿದ್ದ ಎಂದು ಕಾಣುತ್ತದೆ. "ಈ ಮಷಿನ್ ಇಲ್ಲಿ ನಡದ್ರೆ ಇರ್ತೆ, ಅಪ್ಪ. ಇಲ್ದಿದ್ರೆ ಚೌತಿ ಮುಗಿಸ್ಕಂಡು ಹೋಗ್ತೆ. ಅಲ್ಲೀವರೆಗೆ ಅಲ್ಲಿ ನನ್ನ ಜಾಗ ಇಟ್ಟಿರ್ತ್ರು."

ಅಪ್ಪ ಮಜ್ಜಿಗೆ ಕುಡಿದು ಎದ್ದರು. "ನೋಡ್ವ" ಅಂದರು.

ಯಂತ್ರದ ಬಗ್ಗೆ ಅಪ್ಪನಿಗೆ ದ್ವೇಷವಿರಲಿಲ್ಲ. ಅವರ ತಕರಾರು ಬೇರೆಯೇ ಇತ್ತು. ಮುಂಬಯಿಯಲ್ಲಿ ಅಣ್ಣ ಕಲಿತದ್ದು ನಿಂತು ಕೆಲಸ ಮಾಡುವುದನ್ನು. ಎತ್ತರದ ಮೇಜು, ಮೇಜಿನ ಅಂಚಿಗೆ ಹಲಗೆಯನ್ನು ಬಿಗಿಯುವ ಕಬ್ಬಿಣದ ಕ್ಲಾಂಪು. ಅಪ್ಪ ಜೀವಮಾನವೆಲ್ಲ ನೆಲದ ಮೇಲೆ ಕೂತು ಮಾಡಿದವರು. ಹಲಗೆಯನ್ನು ಹಿಡಿಯುವುದು ಅವರ ಎಡಗಾಲು. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಹಲಗೆಯ ಅಂಚನ್ನು ಕಚ್ಚಿ ಹಿಡಿದರೆ ಕೊಡತಿಯ ಪೆಟ್ಟಿಗೂ ಅದು ಅಲುಗುತ್ತಿರಲಿಲ್ಲ. ಆ ಎರಡು ಬೆರಳುಗಳ ನಡುವೆ ಉಳಿದವರಿಗಿಲ್ಲದಷ್ಟು ಅಂತರ ಬೆಳೆದಿತ್ತು. ಕೈಯಲ್ಲಿ ಉಳಿ ಇರುವಾಗಲೇ, ಕೈ ಎತ್ತದೆ, ಕಾಲಿನಿಂದಲೇ ಹಲಗೆಯನ್ನು ಅರ್ಧ ಸುತ್ತು ತಿರುಗಿಸಿಕೊಳ್ಳುತ್ತಿದ್ದರು. ಮರದ ನಾರು ಎದುರು ಬಂದಲ್ಲಿ ಉಳಿ ಸಿಬಿರೆಬ್ಬಿಸುತ್ತದೆ. ಆಗ ಹಲಗೆಯನ್ನೇ ತಿರುಗಿಸಿ ನಾರಿನ ಓಟಕ್ಕೆ ಸರಿಯಾಗಿ ಹೊಡೆಯಬೇಕು. ಅದನ್ನು ಅವರು ಯೋಚಿಸಿ ಮಾಡುತ್ತಿರಲಿಲ್ಲ. ನಾವು ನಡೆಯುವಾಗ ಕಲ್ಲು ಕಂಡರೆ ಹೆಜ್ಜೆ ಬದಲಿಸುವ ಹಾಗೆ.

ಆ ಬೇಸಿಗೆಯಲ್ಲಿ ಭಟ್ಕಳದ ಒಬ್ಬ ಬಟ್ಟೆ ವ್ಯಾಪಾರಿ ಅಪ್ಪನನ್ನು ಹುಡುಕಿಕೊಂಡು ಬಂದರು. ಮಗಳ ಮದುವೆ ಮಳೆಗಾಲಕ್ಕೆ ಮೊದಲು ನಡೆಯುವುದೆಂದು ನಿಶ್ಚಯವಾಗಿತ್ತು. ಮದುಮಗಳ ಕೋಣೆಗೆ ಸಾಗವಾನಿಯ ಎರಡು ಕಪಾಟು, ಒಂದು ಮಂಚ ಬೇಕಿತ್ತು. ಶರಾವತಿಯನ್ನು ಲಾಂಚಿನಲ್ಲಿ ದಾಟಿ ಬಂದವರು, ಬಿಸಿಲಿಗೆ ಟೊಪ್ಪಿ ತೆಗೆದು ಬೀಸಿಕೊಳ್ಳುತ್ತ ಜಗಲಿಯಲ್ಲಿ ಕೂತರು.

"ಆಚಾರ್ರೇ, ಮುಂಬಯಿ ನಮೂನೆ ಆಗ್ಬೇಕು. ಬಾಗಿಲಿನ ಸುತ್ತ ಬಳ್ಳಿ. ಎಲ್ಲಾ ಬಾಗಿಲಲ್ಲೂ ಬಳ್ಳಿ ಒಂದೇ ಥರಾ. ಒಂದು ಎಲೆ ದೊಡ್ಡದು, ಒಂದು ಎಲೆ ಸಣ್ಣದು ಅಂತ ಇರ್ಬಾರ್ದು."

"ಸಾಹೇಬ್ರೆ, ಮರದಲ್ಲಿ ಎಲೆ ಎಲ್ಲ ಒಂದೇ ಥರ ಇರ್ತದ್ಯಾ?"

"ಮರದ್ದು ಮರದಲ್ಲಿರ್ಲಿ. ನನ್ನ ಕಪಾಟಿಂದು ಒಂದೇ ಥರಾ ಇರ್ಲಿ. ಬೀಗರು ಮುಂಬಯಿಯವರು. ಅವರ ಹೆಂಗಸ್ರು ಎಲೆ ಲೆಕ್ಕ ಮಾಡ್ತಾರೆ."

ಇಬ್ಬರೂ ನಕ್ಕರು. ಅಣ್ಣ ಒಳಗಿನಿಂದ ಯಂತ್ರ ತಂದು ತೋರಿಸಿದ. ತೆಳು ಹಲಗೆಯಲ್ಲಿ ಬಳ್ಳಿಯ ಆಕಾರ ಕೊರೆದು ಫರ್ಮಾ ಮಾಡಿಟ್ಟರೆ, ಅದನ್ನು ಅನುಸರಿಸಿ ಯಂತ್ರ ಎಷ್ಟು ಬಾಗಿಲಿಗಾದರೂ ಅದೇ ಬಳ್ಳಿ ತೆಗೆಯುತ್ತದೆ ಎಂದು ವಿವರಿಸಿದ. ಸಾಹೇಬರು ಬಿಟ್ ಮುಟ್ಟಿ ನೋಡಿ, "ಶಾಬಾಸ್, ಇದೇ ಆಗ್ಬೇಕು" ಅಂದರು. ಸಾಹೇಬರು ಹೋದ ಮೇಲೆ ಅಪ್ಪ ಅಣ್ಣನಿಗೆ ಹೇಳಿದರು: "ಆತು. ಈ ಕೆಲಸ ನಿನ್ನ ಮಷಿನಿನಲ್ಲೇ ಆಗ್ಲಿ. ಸರಿಯಾಗಿ ಆದ್ರೆ ನೀ ಉಳೀಬೇಕು, ಮಾತು ಮಾತೇ."

"ಉಳೀತೆ."

ಹೀಗಾಗಿ ಆ ಕಪಾಟಿನ ಮೇಲೆ ಸಾಹೇಬರ ಮಗಳ ಮದುವೆಯ ಜೊತೆಗೆ ಅಣ್ಣನ ಇರುವಿಕೆಯೂ ನಿಂತಿತು.

ಊರಿಗೆ ಕರೆಂಟ್ ಬಂದು ಹೆಚ್ಚು ಕಾಲ ಆಗಿರಲಿಲ್ಲ. ಸಂಜೆ ಪೇಟೆಯ ದೀಪಗಳು ಹತ್ತಿದರೆ ಯಂತ್ರದ ಸ್ವರ ಇಳಿದುಹೋಗುತ್ತಿತ್ತು. ಬಿಟ್ ಮರವನ್ನು ಕೊರೆಯುವ ಬದಲು ಸುಡುತ್ತಿತ್ತು. ಆದ್ದರಿಂದ ಹಗಲೇ ಕೆಲಸ. ಹಗಲಿನಲ್ಲೂ ಕರೆಂಟ್ ಹೇಳದೆ ಹೋಗುತ್ತಿತ್ತು, ಹೇಳದೆ ಬರುತ್ತಿತ್ತು. ಯಂತ್ರ ತಿರುಗಿದಾಗಲೆಲ್ಲ ಎದುರುಮನೆಯ ರೇಡಿಯೋ ಕೊರ್ರೆನ್ನುತ್ತಿತ್ತು. ಆ ಮನೆಯ ಯಜಮಾನರು ನಿವೃತ್ತ ಗುಮಾಸ್ತರು. ಕಿಟಕಿಯಿಂದ ಕೂಗುತ್ತಿದ್ದರು:

"ಆಚಾರ್ರೇ, ನಿಮ್ಮ ಬುಗುರಿ ಸ್ವಲ್ಪ ನಿಲ್ಸಿ ಮಾರಾಯ್ರೆ! ವಾರ್ತೆ ಕೇಳೂಕೆ ಬಿಡೂದಿಲ್ವಾ?"

"ನಿಮ್ಮ ವಾರ್ತೆ ನಾಳೆ ಪೇಪರಲ್ಲಿ ಬತ್ತದೆ. ನಮ್ಮ ಕರೆಂಟ್ ನಾಳೆ ಬತ್ತದೆ ಹೇಳೂಕಾಗೂದಿಲ್ಲ" ಎಂದು ಅಪ್ಪ ಉತ್ತರಿಸುತ್ತಿದ್ದರು. ಓಣಿಯವರೆಲ್ಲ ಅದನ್ನು ಬುಗುರಿ ಮಷಿನ್ ಎಂದೇ ಕರೆದರು.

ಮೊದಲ ದಿನ ಅಣ್ಣ ಹಲಗೆಯನ್ನು ಮೇಜಿಗೆ ಕ್ಲಾಂಪು ಹಾಕಿ ಬಿಗಿದ. ಬಿಚ್ಚಿದಾಗ ಕ್ಲಾಂಪಿನ ಬಾಯಿ ಕಚ್ಚಿದಲ್ಲಿ ಸಾಗವಾನಿಯ ಮೇಲೆ ಗುಂಡಗೆ ಅಚ್ಚು ಬಿದ್ದಿತ್ತು. ಅಪ್ಪ ಆ ಅಚ್ಚಿನ ಮೇಲೆ ಬೆರಳಾಡಿಸಿದರು.

"ಇದೆಂತದು? ನಾಯಿ ಕಚ್ಚಿದ ಹಾಗೆ."

"ಕೀಸಿದ್ರೆ ಹೋಗ್ತದೆ."

"ಕೀಸೂಕೆ ಮರ ದಪ್ಪ ಉಳಿದಿರ್ಬೇಕಲ್ಲ. ಒಂದು ಗೆರೆ ಎಳೆಯೂಕೆ ಇದನ್ನ ಬಿಗಿಯೂದು, ಬಿಚ್ಚೂದು, ಮತ್ತೆ ಬಿಗಿಯೂದು. ಕೆಳಗೆ ಇಡು. ನಾ ಹಿಡೀತೆ. ನನ್ನ ಕಾಲಿಗಿಂತ ಗಟ್ಟಿ ಯಾವ ಕ್ಲಾಂಪದೆ?"

ಅಣ್ಣ ಕ್ಲಾಂಪನ್ನು ಬದಿಗಿಟ್ಟ ಎಂದು ಆಯಿ ಹೇಳಿದ್ದಾರೆ. ಆಮೇಲೆ ಹಲಗೆಯನ್ನು ನೆಲದ ಮೇಲಿನ ಮರದ ತುಂಡುಗಳ ಮೇಲಿಟ್ಟ. ಅವನು ಯಾಕೆ ಒಪ್ಪಿದ ಎಂದು ನಾನು ಮುಂದೆ ಒಮ್ಮೆ ಕೇಳಿದ್ದೆ. "ಅಪ್ಪ ಮಷಿನಿನ ಹತ್ರ ಬಂದು ಕೂತಿದ್ರು. ಏಳಿ ಹೇಳೂಕಾಗಲಿಲ್ಲ" ಅಂದ.

ಅಲ್ಲಿಂದ ಕೆಲಸ ಹಾಗೆಯೇ ನಡೆಯಿತು. ಅಣ್ಣ ಮೊಣಕಾಲೂರಿ ಹಲಗೆಯ ಒಂದು ತುದಿಯಿಂದ ಯಂತ್ರವನ್ನು ಮುಂದಕ್ಕೆ ತಳ್ಳುತ್ತಿದ್ದ. ಅಪ್ಪ ಅವನ ಎಡಕ್ಕೆ ಕೂತು, ಆಚೆ ತುದಿಯ ಹತ್ತಿರ ಎಡಗಾಲಿನಿಂದ ಹಲಗೆ ಹಿಡಿಯುತ್ತಿದ್ದರು. ಒಂದು ಭಾನುವಾರ ನಾನೇ ನೋಡಿದ್ದೇನೆ. ಮರದ ಹುಡಿ ಇಬ್ಬರ ಹುಬ್ಬಿನ ಮೇಲೆ ಕೂತಿತ್ತು. ಯಂತ್ರದ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಕೆಲಸ ನಿಲ್ಲಿಸಿದಾಗ ಅಣ್ಣನ ಕೈಗಳು ಜೋಮು ಹಿಡಿದಿದ್ದವು. ಆಯಿ ಕೊಟ್ಟ ಚಾದ ಲೋಟವನ್ನು ಬರಿಗೈಯಲ್ಲಿ ಸುತ್ತುವರಿದು ಹಿಡಿದ. ಅದನ್ನು ನಾನು ಮುಟ್ಟಿದಾಗ ಬೆರಳು ಹಿಂದೆಗೆಯುವಷ್ಟು ಸುಡುತ್ತಿತ್ತು. "ನಿಂಗೆ ಬಿಸಿ ತಾಗೂದಿಲ್ವಾ?" ಅಂದೆ. "ಸ್ವಲ್ಪ ಹೊತ್ತು ಎಂತದೂ ತಾಗೂದಿಲ್ಲ" ಅಂದ.

ಬಳ್ಳಿಗಳು ಚೆನ್ನಾಗಿ ಬಂದವು. ಅಪ್ಪ ಒಂದು ಬಾಗಿಲನ್ನು ಬಿಸಿಲಿಗೆ ಓರೆ ಹಿಡಿದು ತುಂಬ ಹೊತ್ತು ನೋಡಿ, "ತಪ್ಪಿಲ್ಲ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು. ಅಣ್ಣ ಆ ದಿನ ಆಯಿಯ ಹತ್ತಿರ, ಮಾಡಿನ ಪಕ್ಕದ ಗೋಡೆ ಒಡೆದು ಜಾಗ ದೊಡ್ಡದು ಮಾಡುವ ವಿಷಯ ಮಾತಾಡಿದನಂತೆ.

ಅಪಘಾತವಾದದ್ದು ಭಾನುವಾರ. ನಾನು ಮನೆಯಲ್ಲಿದ್ದೆ. ಉಳಿದಿದ್ದದ್ದು ಕೊನೆಯ ಬಾಗಿಲು. ಅದರ ಅಂಚಿನ ನೇರ ತೋಡು ಮಾತ್ರ. ಅದಕ್ಕೆ ಬಳ್ಳಿಯ ಫರ್ಮಾ ಬೇಕಿರಲಿಲ್ಲ. ಹಲಗೆಯ ಮೇಲೆ ಒಂದು ನೇರ ಪಟ್ಟಿ ಹೊಡೆದು, ಅದಕ್ಕೆ ಯಂತ್ರವನ್ನು ಒತ್ತಿ ತಳ್ಳಿದರೆ ಸಾಕು. ಪಟ್ಟಿ ಯಾವಾಗಲೂ ತಳ್ಳುವವನ ಎಡಕ್ಕಿರಬೇಕು. ಬಿಟ್ ತಿರುಗುವ ರಭಸಕ್ಕೆ ಯಂತ್ರ ಎಡಕ್ಕೆ ಎಳೆಯುತ್ತದೆ. ಪಟ್ಟಿ ಎಡಕ್ಕಿದ್ದರೆ ಅದಕ್ಕೆ ಒರಗಿ ನೇರ ಹೋಗುತ್ತದೆ. ಬಲಕ್ಕಿದ್ದರೆ ತಡೆಯುವುದು ಏನೂ ಇಲ್ಲ. ಇದು ಅಣ್ಣನಿಗೆ ಗೊತ್ತಿತ್ತು. ಅಪ್ಪನಿಗೆ ಅವನು ಹೇಳಿರಲಿಲ್ಲ. ಯಂತ್ರ ಹಿಡಿಯುವವರು ಅವರಲ್ಲ, ಹೇಳುವ ಪ್ರಸಂಗ ಬಂದಿರಲಿಲ್ಲ.

ತೋಡು ಅರ್ಧ ಆಗುವಾಗ ಕರೆಂಟ್ ಹೋಯಿತು. ಅಣ್ಣ ಯಂತ್ರವನ್ನು ಎತ್ತಿ ಪಕ್ಕಕ್ಕಿಟ್ಟು, ನೀರು ಕುಡಿಯಲು ಬಾವಿಕಟ್ಟೆಗೆ ಹೋದ. ನಾನು ಜಗಲಿಯಲ್ಲಿ ಕೂತು ಪೇಪರು ನೋಡುತ್ತಿದ್ದೆ. ಅಪ್ಪ ಮುಂದಿನ ಅರ್ಧದಲ್ಲಿ ಮರವನ್ನು ಗಮನಿಸಿದರು. ಅಲ್ಲಿ ಒಂದು ಗಂಟಿನ ಹತ್ತಿರ ನಾರು ಎದುರು ಎದ್ದಿತ್ತು. ಈ ಕಡೆಯಿಂದ ಹೋದರೆ ಸಿಬಿರು ಏಳುತ್ತದೆ ಎಂದು ಅವರಿಗೆ ಅನಿಸಿತು. ಕಾಲಿನಿಂದ ಹಲಗೆಯನ್ನು ತಿರುಗಿಸಿದರು. ಈಚೆ ತುದಿ ಆಚೆ ಹೋಯಿತು, ಎಡಕ್ಕಿದ್ದ ಪಟ್ಟಿ ಬಲಕ್ಕೆ ಬಂತು. ಉಳಿಯ ಕೆಲಸದಲ್ಲಿ ಅದು ಸರಿಯಾದ ಕ್ರಮ. ಅವರು ಅದನ್ನು ಸಾವಿರ ಸಲ ಮಾಡಿದ್ದರು. ಮಗನ ಕೆಲಸ ಸಲೀಸಾಗಲಿ ಎಂದೇ ಮಾಡಿದ್ದು. ತಿರುಗಿಸಿದ್ದನ್ನು ನಾನು ನೋಡಲಿಲ್ಲ. ಅವರೇ ಆಸ್ಪತ್ರೆಯಲ್ಲಿ ಹೇಳಿದರು.

ಕರೆಂಟ್ ಬಂತು; ಎದುರುಮನೆಯ ರೇಡಿಯೋ ಮಾತಾಡಿತು. ಅಣ್ಣ ಬಾಯಿ ಒರೆಸಿಕೊಳ್ಳುತ್ತ ಬಂದು ಮೊಣಕಾಲೂರಿದ. ಅಪ್ಪ ಕಾಲು ಹಾಕಿ ಹಿಡಿದು, "ಹೂಂ" ಅಂದರು. ಹುಡಿ ಮುಚ್ಚಿದ ಹಲಗೆಯಲ್ಲಿ ಪಟ್ಟಿಯ ಬದಿ ಬದಲಾದದ್ದನ್ನು ಗಮನಿಸದೆ, ತಾನು ಬಿಟ್ಟ ಹಾಗೆಯೇ ಹಲಗೆ ಇದೆ ಎಂದುಕೊಂಡು ಅಣ್ಣ ಯಂತ್ರವಿಟ್ಟು ತಳ್ಳಿದ.

ಸದ್ದು ಬದಲಾದದ್ದು ನನಗೆ ಕೇಳಿತು. ತಲೆಯೆತ್ತಿದೆ. ಯಂತ್ರ ಅಣ್ಣನ ಕೈಯನ್ನು ಎಳೆದುಕೊಂಡು ಹಲಗೆಯ ಮೇಲೆ ಎಡಕ್ಕೆ ಓಡಿತ್ತು. ಹಲಗೆಯ ಮೇಲೆ ಒಂದು ಡೊಂಕು ಗೀರು. ಅಪ್ಪ ಕೂಗಲಿಲ್ಲ. ಎರಡೂ ಕೈಯಿಂದ ಪಾದವನ್ನು ಹಿಡಿದುಕೊಂಡು ಅದನ್ನೇ ನೋಡುತ್ತ ಕೂತಿದ್ದರು. ಅಣ್ಣ ಸ್ವಿಚ್ಚು ಆರಿಸಿ, ಯಂತ್ರವನ್ನು ಗೋಡೆಯ ಬದಿಗೆ ನಿಧಾನವಾಗಿ ಇಟ್ಟ. ಬಿಟ್ ಪೂರ್ತಿ ನಿಲ್ಲುವವರೆಗೆ ಯಂತ್ರದ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡಿದ್ದ. ಆಮೇಲೆ ಅಪ್ಪನ ಕಡೆ ತಿರುಗಿದ.

ಆಯಿ ಹಳೆ ಪಂಚೆ ತಂದು ಸುತ್ತಿದರು. ಎದುರುಮನೆಯವರು ಓಡಿ ಹೋಗಿ ಬಾಡಿಗೆ ಕಾರು ಕರೆತಂದರು. ಕರ್ಕಿ ದಾಟಿ ಕುಮಟೆಯ ಆಸ್ಪತ್ರೆ ತಲುಪುವವರೆಗೆ ಅಪ್ಪ ಹಿಂದಿನ ಸೀಟಿನಲ್ಲಿ ಕಾಲನ್ನು ಅಣ್ಣನ ತೊಡೆಯ ಮೇಲಿಟ್ಟುಕೊಂಡಿದ್ದರು. ದಾರಿಯಲ್ಲಿ ಆಡಿದ್ದು ಒಂದೇ ಮಾತು: "ಆ ಹಲಗೆ ಹಾಳಾತು. ಬೇರೆ ತೆಗೀಬೇಕು."

ಡಾಕ್ಟರು ಪರ ಊರಿನವರು, ಚಿಕ್ಕ ವಯಸ್ಸು. ಪಂಚೆ ಬಿಚ್ಚಿ ನೋಡಿ ನಮ್ಮನ್ನು ಹೊರಗೆ ಕಳಿಸುವ ಮುಂಚೆ ಕೇಳಿದರು: "ಹಲಗೆ ಮೇಲೆ ಕಾಲು ಯಾಕೆ ಇಟ್ಟಿದ್ರಿ?"

ಅಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮತ್ತೆಲ್ಲಿ ಇಡೂದು?" ಅಂದರು.

ಹೆಬ್ಬೆರಳೂ ಪಕ್ಕದ ಬೆರಳೂ ಉಳಿಯಲಿಲ್ಲ. ಉಳಿದ ಬೆರಳುಗಳಿಗೆ ಏನೂ ಆಗಿರಲಿಲ್ಲ. ನಡೆಯಲು ತೊಂದರೆಯಿಲ್ಲ, ಮೊದಮೊದಲು ಓಲಾಡಬಹುದು ಎಂದು ಡಾಕ್ಟರು ಹೇಳಿದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನಡೆಯುವುದರ ಬಗ್ಗೆ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ.

ನಾನಿದ್ದ ಕೋಣೆ ಆಸ್ಪತ್ರೆಗೆ ಹತ್ತಿರ. ಪ್ರೂಫ್ ಮುಗಿಸಿ ಸಂಜೆ ಹೋಗಿ ಕೂರುತ್ತಿದ್ದೆ. ನೋವಿದೆಯೇ ಎಂದು ಕೇಳಿದರೆ ಅಪ್ಪ, "ಇಲ್ಲ. ಎಂತದೂ ಗೊತ್ತಾಗ್ತಿಲ್ಲ" ಎನ್ನುತ್ತಿದ್ದರು. ನನಗೂ ಏನೂ ಗೊತ್ತಾಗುತ್ತಿರಲಿಲ್ಲ. ಮುದ್ರಣಾಲಯದಲ್ಲಿ ತಪ್ಪುಗಳು ಎಂದಿನಂತೆ ಕಣ್ಣಿಗೆ ಬೀಳುತ್ತಿದ್ದವು, ತಿದ್ದುತ್ತಿದ್ದೆ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಹೀಗೆ ಎಲ್ಲ ಎಂದಿನಂತಿರುವುದು ಸರಿಯೇ ಎಂದು ಒಂದೆರಡು ಸಲ ಅನಿಸಿತು, ಅಷ್ಟೆ.

ಆಯಿ ಒಂದು ದಿನ ಗಂಜಿ ತಂದವರು, ಅಪ್ಪ ಕುಡಿಯುವಾಗ ಹೇಳಿದರು: "ದೇವರ ಮಂಟಪ ಆಗಿದ್ರೆ ಕಾಲು ಇಡ್ತಿರ್ಲಿಲ್ಲ."

ಅದು ನಿಜ. ದೇವರ ಮಂಟಪಕ್ಕೋ ಪೀಠಕ್ಕೋ ಬಳಸುವ ಮರಕ್ಕೆ ಅಪ್ಪ ಎಂದೂ ಕಾಲು ತಾಗಿಸಿದವರಲ್ಲ. ಆಗ ನೆಲದಲ್ಲಿ ಗೂಟ ಹೊಡೆದು, ಗೂಟಗಳ ನಡುವೆ ಹಲಗೆಯನ್ನು ಬೆಣೆಯಿಂದ ಬಿಗಿದು ಕೆಲಸ ಮಾಡುತ್ತಿದ್ದರು. ಬೇರೆ ದಾರಿ ಅವರಿಗೆ ಗೊತ್ತಿರಲಿಲ್ಲ ಎಂದೇನಲ್ಲ. ಕಪಾಟಿಗೆ ಅದು ಬೇಕೆಂದು ಅನಿಸಿರಲಿಲ್ಲ. ಆಯಿಯ ಮಾತಿಗೆ ಅಪ್ಪ, "ಕಪಾಟಿಗೆ ಯಾರು ಗೂಟ ಹೊಡೀತ್ರು?" ಅಂದು ಬಟ್ಟಲು ಕೆಳಗಿಟ್ಟರು.

ಸುದ್ದಿ ಕೇಳಿ ಭಟ್ಕಳದ ಸಾಹೇಬರು ಬಂದರು. ಖರ್ಜೂರದ ಪೊಟ್ಟಣ ತಂದಿದ್ದರು. ಹಾಸಿಗೆಯ ಪಕ್ಕ ನಿಂತೇ ಇದ್ದರು. ಕೂರಿ ಎಂದರೂ ಕೂರಲಿಲ್ಲ.

"ಆಚಾರ್ರೇ, ಕಪಾಟು ಬಿಡಿ. ಶಾದಿ ಕಪಾಟಿಲ್ಲದೆ ಆಗ್ತದೆ. ಗೋಡೆಗೆ ಹಲಗೆ ಹೊಡೆದು ಬಟ್ಟೆ ಇಡ್ತಾಳೆ ಮಗಳು."

"ಬೇಡ ಸಾಹೇಬ್ರೆ. ಒಂದು ಬಾಗಿಲು ಉಳಿದದೆ. ಮಗ ಮಾಡ್ತ."

ಅಣ್ಣ ಬಾಗಿಲ ಬಳಿ ನಿಂತಿದ್ದ. ಅವನನ್ನು ಯಾರೂ ಕೇಳಲಿಲ್ಲ. ಮರುದಿನ ಹೊನ್ನಾವರಕ್ಕೆ ಹೋಗಿ ಬೇರೆ ಸಾಗವಾನಿ ಹಲಗೆ ತೆಗೆದ. ಮೇಜಿನ ಮೇಲೆ ಇಟ್ಟು, ಕ್ಲಾಂಪಿನ ಬಾಯಿಗೆ ಗೋಣಿತಟ್ಟಿನ ತುಂಡು ಕೊಟ್ಟು ಬಿಗಿದು, ಒಬ್ಬನೇ ಬಳ್ಳಿ ತೆಗೆದ. ಗೋಣಿತಟ್ಟು ಹಾಕಿದ್ದರಿಂದ ಅಚ್ಚು ಬೀಳಲಿಲ್ಲ. ಕಪಾಟುಗಳೂ ಮಂಚವೂ ಮದುವೆಗೆ ಮೊದಲೇ ದೋಣಿಯಲ್ಲಿ ಹೊಳೆ ದಾಟಿ ಭಟ್ಕಳಕ್ಕೆ ಹೋದವು. ಚೆನ್ನಾಗಿದ್ದವೆಂದು ಸಾಹೇಬರು ಹೇಳಿಕಳಿಸಿದರು.

ಅಪ್ಪ ಮನೆಗೆ ಬಂದು, ಗಾಯ ಮಾಗಿ, ಮಾಡಿನ ಕೆಳಗೆ ಮತ್ತೆ ಕೂತದ್ದು ಮಳೆ ಹಿಡಿದ ಮೇಲೆ. ಆ ಭಾನುವಾರ ನಾನಿದ್ದೆ. ಒಂದು ಮಣೆಯ ಹಲಗೆ ಎಳೆದುಕೊಂಡು, ಉಳಿ ಹಿಡಿದು, ಎಡಗಾಲನ್ನು ಹಲಗೆಯ ಮೇಲಿಟ್ಟರು. ಕೊಡತಿಯ ಮೊದಲ ಪೆಟ್ಟಿಗೇ ಹಲಗೆ ಜಾರಿ ದೂರ ಹೋಯಿತು. ಎಳೆದುಕೊಂಡು ಬಲಗಾಲಿನಲ್ಲಿ ಹಿಡಿದು ನೋಡಿದರು. ಬಲಗಾಲಿಗೆ ಆ ಅಭ್ಯಾಸವಿರಲಿಲ್ಲ. ಹಲಗೆ ಮತ್ತೆ ಜಾರಿತು. ಮೂರನೆಯ ಸಲ ಎಳೆದುಕೊಳ್ಳಲಿಲ್ಲ. ಉಳಿಯನ್ನು ಒರೆಸಿ ಪೆಟ್ಟಿಗೆಗೆ ಹಾಕಿದರು. ಅಣ್ಣ ಮೇಜಿನ ಬಳಿ ಬೆನ್ನು ಹಾಕಿ ನಿಂತಿದ್ದ. ಹಲಗೆ ಜಾರಿದ ಸದ್ದು ಅವನಿಗೆ ಕೇಳಿಸಿರಲೇಬೇಕು. ಅವನು ತಿರುಗಲಿಲ್ಲ. ಆಯಿ ಒಳಗಿನಿಂದ ಊಟಕ್ಕೆ ಕರೆದರು. ಎಲ್ಲರೂ ಹೋಗಿ ಉಂಡೆವು.

ಆ ದಿನಗಳಲ್ಲಿ ಮನೆಯಲ್ಲಿ ಜಗಳವಾಗಲಿಲ್ಲ, ಯಾರೂ ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಪಟ್ಟಿ ಎಡಕ್ಕಿರಬೇಕೆಂದು ಹೇಳಿರಲಿಲ್ಲ ಎಂದು ಅಣ್ಣ ಒಮ್ಮೆ ಅಪ್ಪನ ಹತ್ತಿರ ಎತ್ತಿದ. "ಹಲಗೆ ತಿರುಗಿಸ್ದೆ ಹೇಳಿ ನಾನೂ ಹೇಳ್ಲಿಲ್ಲ" ಎಂದರು ಅಪ್ಪ. ಆ ವಿಷಯ ಅಲ್ಲಿಗೆ ಮುಗಿಯಿತು. ಕೆಲಸ ಮಾತ್ರ ಹೆಚ್ಚಿತು. ಭಟ್ಕಳದಲ್ಲಿ ಕಪಾಟು ನೋಡಿದವರು ಅಂಥದ್ದೇ ಬೇಕೆಂದು ಬಂದರು. ಅಣ್ಣ ಎಲ್ಲವನ್ನೂ ಮೇಜಿನ ಮೇಲೆ ಮಾಡಿದ. ಅಪ್ಪ ಜಗಲಿಯಲ್ಲಿ ಕೂತು ಬಂದವರ ಜೊತೆ ಅಳತೆಯ ಮಾತಾಡುತ್ತಿದ್ದರು.

ಚೌತಿಗೆ ಮುಂಬಯಿಯಿಂದ ಊರವರು ಬಂದರು, ಹಬ್ಬ ಮುಗಿಸಿ ಹೊರಡುವ ತಯಾರಿಯಲ್ಲಿದ್ದರು. ಅವರಲ್ಲಿ ಅಣ್ಣನ ಜೊತೆ ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಬಾಡ ಊರಿನ ಗೆಳೆಯನೊಬ್ಬ ಮನೆಗೆ ಬಂದ. ಅಣ್ಣ ಹೊರಗೆ ಹೋಗಿ ಅಂಗಳದಲ್ಲೇ ನಿಂತು ಮಾತಾಡಿದ. ಅಪ್ಪ, ನಾನು ಜಗಲಿಯಲ್ಲಿದ್ದೆವು.

"ನಾಡಿದ್ದಿನ ಬಸ್ಸು. ನಿಂದೂ ಸೀಟು ಹೇಳೂದಾ?" ಎಂದು ಗೆಳೆಯ ಕೇಳಿದ.

"ಬೇಡ. ನಾ ಬರೂದಿಲ್ಲ ಹೇಳು ಅಲ್ಲಿ."

"ಜಾಗ ಹೋಗ್ತದೆ ನೋಡು, ಮಾರಾಯ. ಆಮೇಲೆ ಕೇಳಿದ್ರೆ ಸಿಕ್ಕೂದಿಲ್ಲ."

"ಹೋಗ್ಲಿ."

ಗೆಳೆಯ ಅಪ್ಪನ ಕಾಲಿನ ಕಡೆ ಒಮ್ಮೆ ನೋಡಿ, ಮತ್ತೆ ಒತ್ತಾಯ ಮಾಡಲಿಲ್ಲ. ಆಯಿ ಕೊಟ್ಟ ಚಕ್ಕುಲಿ ತಿಂದು ಹೊರಟುಹೋದ. ಅಣ್ಣ ಜಗಲಿ ಹತ್ತುವಾಗ ಅಪ್ಪ ಕರೆದರು.

"ನನ್ನ ಕಾಲಿನ ಸಲುವಾಗಿ ಉಳಿಯೂದಾದ್ರೆ ಬೇಡ. ಹೋಗು."

"ಕಾಲಿನ ಸಲುವಾಗಿ ಅಲ್ಲ."

"ಮತ್ತೆ ಎಂತಕ್ಕೆ?"

"ಮಷಿನ್ ಇಲ್ಲಿ ನಡದ್ರೆ ಇರ್ತೆ ಹೇಳಿದ್ನಲ್ಲ. ನಡೀತದೆ."

ಅಪ್ಪ ಮಾಡಿನ ಕಡೆ ನೋಡಿದರು. ಮೇಜಿನ ಮೇಲೆ ಯಾರದೋ ಮಂಚದ ತಲೆಹಲಗೆ ಬಿಗಿದಿತ್ತು. ಅವರ ಮುಖದಲ್ಲಿ ಸಂತೋಷವಾಗಲಿ ಬೇಸರವಾಗಲಿ ನನಗೆ ಕಾಣಲಿಲ್ಲ.

"ಹೌದು," ಅಂದರು. "ನಡೀತದೆ."

ಅಣ್ಣ ಮಾಡಿನ ಕೆಳಗೆ ಹೋದ. ಸ್ವಲ್ಪ ಹೊತ್ತಿಗೆ ಯಂತ್ರ ಶುರುವಾಯಿತು. ಅಪ್ಪ ಜಗಲಿಯಿಂದ ಏಳಲಿಲ್ಲ. ನನ್ನ ಬಸ್ಸಿಗೆ ಹೊತ್ತಾಗಿತ್ತು, ನಾನು ಎದ್ದೆ.